ಸಾಲೋಮಿಯ ಮುಖದ ಮೇಲಿನ ಕಲೆ

ನಮ್ಮ ಊರಿನ ಕನ್ನಡಿಗಳಲ್ಲಿ ಮನುಷ್ಯರ ಮುಖ ಕಾಣುವುದಿಲ್ಲ. ಹಿಂದಿನ ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣುತ್ತದೆ, ಹೊಸ್ತಿಲ ಮೇಲೆ ಮಲಗಿದ ಬೆಕ್ಕು ಮೀಸೆಸಮೇತ ಕಾಣುತ್ತದೆ. ಎದುರಿಗೆ ನಿಂತವರ ಮುಖ ಮಾತ್ರ ಇಲ್ಲ. ಕೆರೆಯ ನೀರಿನಲ್ಲೂ ಅಷ್ಟೇ, ಬೆಳಗಿದ ತಾಟಿನಲ್ಲೂ ಅಷ್ಟೇ. ಹೊರಗಿನಿಂದ ಬಂದ ಒಬ್ಬಾತ ಪೇಟೆಯಲ್ಲಿ ಫೋಟೊ ಸ್ಟುಡಿಯೋ ತೆರೆದಿದ್ದ. ಮದುವೆ ಫೋಟೊಗಳಲ್ಲಿ ಕೋಟು, ಸೀರೆ, ಹೂವಿನ ಹಾರ ಎಲ್ಲ ಚೆನ್ನಾಗಿ ಬಂದವು. ಕೊರಳ ಮೇಲೆ ಬರೀ ನೀಲಿ ಪರದೆ. ಅವನು ಸ್ಟುಡಿಯೋ ಮುಚ್ಚಿ ಅದೇ ಜಾಗದಲ್ಲಿ ಮಿರ್ಚಿ ಭಜಿ ಅಂಗಡಿ ಹಾಕಿದ. ಈಗ ಸುಖವಾಗಿದ್ದಾನೆ.

ಹೀಗಾಗಿ ನಮ್ಮಲ್ಲಿ ಒಬ್ಬರ ಮುಖವನ್ನು ಇನ್ನೊಬ್ಬರು ಹೇಳಬೇಕು. ನಮ್ಮ ಮಾತಿನಲ್ಲಿ ಮುಖಕ್ಕೆ ಮಾರಿ ಎನ್ನುತ್ತೇವೆ, ಈ ಕೆಲಸಕ್ಕೆ ಮಾರಿ ಹೇಳುವುದು ಎಂದೇ ಹೆಸರು. ಬೇರೆಯವರು ಮನೆಯೊಳಗೆ ಹೇಗೋ ನಡೆಸಿಕೊಳ್ಳುತ್ತಾರೆ. ನಮ್ಮ ಕ್ರೈಸ್ತ ಸಭೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಹುಡುಗ ಹುಡುಗಿಯರು ಮೊದಲ ಸಲ ಪ್ರಭುಭೋಜನದ ಮೇಜಿಗೆ, ಅಂದರೆ ಪಾದ್ರಿಗಳ ಕೈಯಿಂದ ಯೇಸುವಿನ ನೆನಪಿನ ರೊಟ್ಟಿ ತೆಗೆದುಕೊಳ್ಳಲು, ಬರುವ ದಿನ ಪ್ರತಿಯೊಬ್ಬರಿಗೂ ಒಂದು ಜೋಡಿ ಗೊತ್ತುಮಾಡುತ್ತಿದ್ದರು. ಆ ಜೋಡಿ ಸಾಯುವ ತನಕ. ಭಾನುವಾರ ಆರಾಧನೆಗೆ ಮುಂಚೆ ಚರ್ಚಿನ ಪಡಸಾಲೆಯಲ್ಲಿ ಜೋಡಿಗಳು ಎದುರುಬದುರು ನಿಲ್ಲುತ್ತಿದ್ದವು. ಅಲ್ಲೊಂದು ನೀರಿನ ಹರವಿ, ಗೋಡೆಗೆ ಸಾಲಾಗಿ ಗೂಟ, ಗೂಟಕ್ಕೆ ಒಗೆದ ಅರಿವೆಗಳು. ಮೊದಲು ನೀನು ನಿನ್ನ ಮಾರಿ ತೋರಿಸಬೇಕು, ಎದುರಿನವರು ಹೇಳಿ ಒರೆಸಬೇಕು. ಆಮೇಲೆ ನಿನ್ನ ಸರದಿ. ಕೈಯಲ್ಲಿ ಒದ್ದೆ ಅರಿವೆ ಇಲ್ಲದವನು ಬಾಯಿ ತೆರೆಯುವಂತಿಲ್ಲ. ಯಾರು ಹೇಳುತ್ತಾರೋ ಅವರೇ ಒರೆಸಬೇಕು.

ಹೇಳುವುದು ಬರೀ ಕೆನ್ನೆಗಂಟಿದ ಅನ್ನದಗುಳಿನ ಸುದ್ದಿಯಲ್ಲ. ಕಿವಿಯ ಹಿಂದೆ ಒರೆಸುತ್ತ, 'ನಿನ್ನೆ ನಿನ್ನ ತಮ್ಮಗ ಅಂದ ಮಾತು ಸರಿ ಇರಲಿಲ್ಲ ನೋಡು' ಎಂದು ಮೆತ್ತಗೆ ಅನ್ನುವುದೂ ಅದರಲ್ಲೇ ಬರುತ್ತಿತ್ತು. ಮುಖದ ಮೇಲೆ ತಣ್ಣನೆ ಅರಿವೆ ಓಡಾಡುವಾಗ ಎದುರುತ್ತರ ಕೊಡಲಾಗುವುದಿಲ್ಲ. ಕೊಡಬೇಕೆಂದು ಬಾಯಿ ತೆರೆದರೆ ನೀರು ಒಳಗೆ ಹೋಗುತ್ತದೆ.

ನಾನು ದೆಬೋರ. ಪೇಟೆಯ ಕೊನೆಗಿರುವ ಹಿಟ್ಟಿನ ಗಿರಣಿ ನನ್ನದು. ಸಾಲೋಮಿ ನನ್ನ ಜೋಡಿ. ಎತ್ತರದ ಹೆಂಗಸು, ಎಡಗೆನ್ನೆಯಲ್ಲಿ ಸಿಡುಬಿನ ಎರಡು ಗುಳಿ, ಸ್ತುತಿಗೀತೆ ಎತ್ತಿದಳೆಂದರೆ ಚರ್ಚಿನ ಹಂಚು ಅಲುಗುತ್ತಿತ್ತು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನಾನು ಸಾಹುಕಾರರ ಚೀಲಗಳನ್ನು ಮೊದಲು ಬೀಸಿ, ಡಬ್ಬಿಯಲ್ಲಿ ಜೋಳ ತಂದ ಹೆಂಗಸರನ್ನು ಕಾಯಿಸುತ್ತೇನೆ ಎಂದು ನನಗೆ ಹೇಳಿದವಳು ಅವಳೇ. ನನ್ನ ಹುಬ್ಬಿನ ಹಿಟ್ಟು ಒರೆಸುತ್ತ ಹೇಳಿದಳು. ನನಗೆ ಉರಿದುಹೋಯಿತು. ಆದರೆ ಮಾರನೆಯ ದಿನದಿಂದ ಬಂದವರನ್ನು ಬಂದ ಸಾಲಿನಲ್ಲೇ ಕರೆದೆ. ಅವಳ ಕೈಯಲ್ಲಿ ಅರಿವೆ ಇಲ್ಲದೆ ಇದ್ದರೆ ಆ ಮಾತನ್ನು ನಾನು ಖಂಡಿತ ಕೇಳುತ್ತಿರಲಿಲ್ಲ.

ಇಂಥ ಸಭೆಯನ್ನು ಕೆಡಿಸಿದವರು ಬಾರ್ನಬ ಹಿರಿಯರು. ಕೆಟ್ಟವರಲ್ಲ ಎಂದು ಜನ ಹೇಳುತ್ತಾರೆ. ಹೇಳಲಿ. ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಸಭೆಯ ಹಿರಿಯರಾದ ಮೇಲೂ ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದೆ ಹತ್ತಿದವರಂತೆಯೇ ನೋಡುತ್ತಿದ್ದರು. ಅವರ ಜೋಡಿ ಹನೋಕಣ್ಣ ತೀರಿಕೊಂಡಾಗ ಸಭೆಯವರು ಇನ್ನೊಬ್ಬರನ್ನು ಗೊತ್ತುಮಾಡಲು ಹೋದರೆ, 'ನನ್ನ ಮಾರಿ ದೇವರು ನೋಡ್ತಾನ, ನೀವ್ಯಾಕ ತಲಿ ಕೆಡಿಸ್ಕೋತೀರಿ' ಎಂದುಬಿಟ್ಟರು. ಆವತ್ತಿನಿಂದ ಅವರ ಮುಖವನ್ನು ಯಾರೂ ಹೇಳಲಿಲ್ಲ, ಯಾರೂ ಒರೆಸಲಿಲ್ಲ.

ತಮ್ಮ ಮುಖದ ಚಿಂತೆ ಮುಗಿದ ಮೇಲೆ ಅವರಿಗೆ ನಮ್ಮೆಲ್ಲರ ಮುಖದ ಚಿಂತೆ ಹತ್ತಿತು. ಪಡಸಾಲೆಯಲ್ಲಿ ಒಬ್ಬೊಬ್ಬರೇ ಒರೆಸಿಕೊಳ್ಳುತ್ತ ನಿಂತರೆ ಆರಾಧನೆಗೆ ತಡವಾಗುತ್ತದೆ, ಪಾದ್ರಿಗಳ ಪ್ರಸಂಗವಾದ ಮೇಲೆ ನಾನೇ ಮುಂದೆ ನಿಂತು ಎಲ್ಲರ ಮಾರಿ ಒಟ್ಟಿಗೆ ಹೇಳಿಬಿಡುತ್ತೇನೆ ಎಂದರು. ಪಾದ್ರಿಗಳು ಹೊಸಬರು, ವಯಸ್ಸು ಚಿಕ್ಕದು, ಹೂಂ ಅಂದರು. ಮೊದಮೊದಲು ನಾವೂ ನಕ್ಕೆವು. 'ಜ್ಞಾನವ್ವ, ಮೂಗಿನ ಮ್ಯಾಲ ಮಸಿ.' 'ಎಲೀಶ, ಮೀಸಿ ಒಂದು ಕಡೆ ಉದ್ದ.' ಜ್ಞಾನವ್ವ ಸೆರಗಿನಿಂದ ತಾನೇ ಒರೆಸಿಕೊಂಡಳು, ಮಸಿ ಇನ್ನಷ್ಟು ಹರಡಿತು, ಇಡೀ ಸಭೆ ಕಿಸಿಕಿಸಿ ಎಂದಿತು. ಕೆಲಸ ಹಗುರವಾಯಿತು ನೋಡಿ. ಯಾರೂ ಯಾರ ಹತ್ತಿರವೂ ನಿಲ್ಲಬೇಕಾಗಿಲ್ಲ. ಪಡಸಾಲೆಯ ಅರಿವೆಗಳು ಗೂಟದ ಮೇಲೆಯೇ ಒಣಗಿ ಹಪ್ಪಳವಾದವು. ಹೊಸದಾಗಿ ಬಂದವರಿಗೆ ಜೋಡಿ ಗೊತ್ತುಮಾಡುವುದೂ ನಿಂತಿತು. ಹಳೆಯ ಜೋಡಿಗಳಲ್ಲಿ ನಾನು, ಸಾಲೋಮಿಯಂಥ ನಾಲ್ಕಾರು ಮಂದಿ ಮಾತ್ರ ಗಿರಣಿಯ ಹಿಂದೆಯೋ ನಳದ ಹತ್ತಿರವೋ ಒರೆಸಿಕೊಳ್ಳುತ್ತಿದ್ದೆವು.

ಮಸಿ, ಮೀಸೆ ಎಷ್ಟು ದಿನ ಸಾಕಾದೀತು? ಬರಬರುತ್ತ ಹಿರಿಯರಿಗೆ ನಮ್ಮ ಮುಖಗಳಲ್ಲಿ ಬೇರೆ ಏನೇನೋ ಕಾಣತೊಡಗಿತು. ಒಬ್ಬಳ ಹಣೆಯ ಮೇಲೆ ಹೊಟ್ಟೆಕಿಚ್ಚು, ಒಬ್ಬನ ತುಟಿಯ ಮೇಲೆ ಲೋಭ. ಮುಂದಿನ ಸಾಲಿನಲ್ಲಿ ಕೂತವರ ಮುಖದಲ್ಲಿ ಯಾವಾಗಲೂ ಶಾಂತಿ. ತನ್ನ ಮುಖವನ್ನು ತಾನು ನೋಡಿಕೊಳ್ಳಲಾಗದ ಊರಿನಲ್ಲಿ ಇಂಥ ಮಾತಿಗೆ ಇಲ್ಲ ಅನ್ನುವವರು ಯಾರು? ಜನ ಹೆದರಿದರು. ಹೆದರಿದವರು ಮುಂದಿನ ಸಾಲಿಗೆ ಬರಲು ನೂಕಾಡಿದರು.

ಆಗ ಸಾಲೋಮಿ ತನ್ನ ಸೊಸೆಯನ್ನು ಹೊಡೆದಳು. ಹೊಡೆದದ್ದು ನಿಜ, ನಾನು ಮುಚ್ಚಿಡುವುದಿಲ್ಲ. ಸೊಸೆ ಲೇಯ, ದೂರದ ಊರಿನ ಹುಡುಗಿ, ಕನ್ನಡಿಯಲ್ಲಿ ಮುಖ ಕಾಣುವ ಕಡೆಯವಳು. ತವರಿನಿಂದ ತಂದ ಕನ್ನಡಿಯನ್ನು ಇಲ್ಲಿ ಗೋಡೆಗೆ ತೂಗುಹಾಕಿ, ಅದರಲ್ಲಿ ತನ್ನ ಮುಖವಿಲ್ಲದ್ದನ್ನು ಕಂಡು ಅತ್ತಿದ್ದಳಂತೆ. ಗಂಡ ಯೋಬ ಲಾರಿ ಹೊಡೆಯುವವನು, ಮನೆಯಲ್ಲಿ ಇರುವುದು ಕಡಿಮೆ. ಅತ್ತೆಯನ್ನು ಖುಷಿಪಡಿಸಬೇಕೆಂದು ಲೇಯ ಈಸ್ಟರಿಗೆ ಮುಂಚೆ ಮನೆಯನ್ನೆಲ್ಲ ತೊಳೆದಳು. ಹಾಗೆ ತೊಳೆಯುವಾಗ ಗೂಟದಲ್ಲಿ ತೂಗುತ್ತಿದ್ದ ಮಾವನ ಹಳೇ ಕೋಟನ್ನೂ ಸೋಡಾ ಹಾಕಿ ಕುದಿಸಿ ಒಗೆದು, ನಳದ ಹತ್ತಿರದ ಹಗ್ಗಕ್ಕೆ ಹಾಕಿದಳು. ಮಾವ ಸತ್ತು ಎಷ್ಟೋ ವರ್ಷ. ಸಾಲೋಮಿ ಆ ಕೋಟನ್ನು ಒಗೆದಿರಲಿಲ್ಲ. ದಿನಾ ಒಮ್ಮೆ ಅದರ ಕಾಲರಿಗೆ ಮೂಗು ಹಚ್ಚುತ್ತಿದ್ದಳು. ಇದು ನನಗೊಬ್ಬಳಿಗೇ ಗೊತ್ತಿದ್ದ ಸುದ್ದಿ. ಸಂತೆಯಿಂದ ಬಂದವಳು ಹಗ್ಗದ ಮೇಲೆ ಕೋಟು ಕಂಡಳು, ಮೂಸಿ ನೋಡಿದಳು, ಬರೀ ಸೋಡಾ. ತಿರುಗಿದವಳೇ ನಳದ ಮುಂದೆ, ಹತ್ತು ಮಂದಿಯ ಎದುರಿಗೆ, ಆ ಹುಡುಗಿಯ ಕಪಾಳಕ್ಕೆ ಬಾರಿಸಿದಳು.

ಇದು ತಪ್ಪು. ಇದನ್ನು ಅವಳಿಗೆ ಹೇಳಬೇಕಾದವಳು ನಾನು. ಅರಿವೆ ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ಹಾಕಿಕೊಂಡು ಕೂತಿದ್ದಳು, ತೆರೆಯಲಿಲ್ಲ. ಭಾನುವಾರ ಸಿಗುತ್ತಾಳಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಸುದ್ದಿ ಬಾರ್ನಬ ಹಿರಿಯರ ಕಿವಿಗೆ ಬಿದ್ದಿತ್ತು.

ಆ ಭಾನುವಾರ ಹಿರಿಯರು ಎದ್ದು ನಿಂತಾಗ ಮಸಿಯ ಸುದ್ದಿ ಎತ್ತಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. 'ಈ ಸಭೆಯೊಳಗ ಒಂದು ಮಾರಿ ಕರ್ರಗಾಗೇತಿ. ಎಡಗಣ್ಣಿನ ಕೆಳಗಿಂದ ಗದ್ದದ ತನಕ ಕಲೆ ಇಳದೈತಿ. ಸಾಲೋಮಿ, ಎದ್ದ ನಿಂದರು' ಎಂದರು. ಸಾಲೋಮಿ ಎದ್ದಳು. ಎಂಥ ಗಟ್ಟಿ ಹೆಂಗಸು, ಬೆಂಚಿನ ಅಂಚು ಹಿಡಿದುಕೊಂಡಿದ್ದಳು. 'ಸೊಸಿ ಮ್ಯಾಲ ಕೈ ಮಾಡಿದ ಪಾಪ ಇದು. ಯಾರ್ಯಾರಿಗೆ ಕಾಣ್ತೈತಿ, ಕೈ ಎತ್ರಿ.'

ನಾನು ನೋಡಿದೆ. ಈ ಮುಖವನ್ನು ನಾನು ಹುಡುಗಿಯಾಗಿದ್ದಾಗಿನಿಂದ ಒರೆಸಿದ್ದೇನೆ. ಆ ಎರಡು ಗುಳಿ, ನಿದ್ದೆಗೆಟ್ಟ ಕಣ್ಣು, ಬಾಯಿಯ ಪಕ್ಕದ ಗೆರೆ. ಕಲೆ ಎಲ್ಲಿದೆ? ಏನೂ ಇಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಅದು ಹಿರಿಯರ ಭಾವಮೈದುನನದು. ಆಮೇಲೆ ಅದರ ಪಕ್ಕದ್ದು. ಆಮೇಲೆ ಹಿಂದಿನ ಸಾಲು. ಕಡೆಗೆ ಪಾದ್ರಿಗಳದೂ ಎದ್ದಿತು, ಅರ್ಧ. ನಾನು ನಿಂತು, 'ನನಗೇನೂ ಕಾಣವಲ್ದು' ಎಂದು ಕೂಗಿದೆ.

'ನೀವು ಆಕಿ ಜೋಡಿ,' ಎಂದರು ಹಿರಿಯರು, ಮಗುವಿಗೆ ತಿಳಿಸಿ ಹೇಳುವಂತೆ. 'ಪ್ರೀತಿ ಕಣ್ಣಿಗೆ ಪರದಿ ಹಾಕತೈತಿ. ಆ ಕಲೆ ಹೋಗೂ ತನಕ ಸಾಲೋಮಿ ಕರ್ತನ ಮೇಜಿನ ಹತ್ರ ಬರಬಾರದು. ಇದು ನಾ ಪ್ರೀತಿಲೇ ಹೇಳೂ ಮಾತು.'

ಪ್ರೀತಿಯಿಂದಂತೆ! ಕೈಯಲ್ಲಿ ಅರಿವೆ ಇಲ್ಲ, ಹತ್ತಿರ ಬರಲಿಲ್ಲ, ಹತ್ತು ಮಾರು ದೂರದಲ್ಲಿ ಎತ್ತರದ ಮೇಲೆ ನಿಂತು ಒಬ್ಬ ವಿಧವೆಯನ್ನು ಜನರ ಮುಂದೆ ಸುಲಿದು, ಅದಕ್ಕೆ ಪ್ರೀತಿ ಎಂದು ಹೆಸರಿಡುವುದು. ನನಗೆ ಮೈಯೆಲ್ಲ ಉರಿಯಿತು, ಈಗ ಹೇಳುವಾಗಲೂ ಉರಿಯುತ್ತದೆ. ಹೊರಗೆ ಬಂದಮೇಲೆ ಜ್ಞಾನವ್ವನನ್ನು ಹಿಡಿದು ನಿಲ್ಲಿಸಿದೆ. 'ಖರೇನ ಹೇಳು, ನಿನಗ ಕಂಡಿತೇನ?' ಎಂದೆ. ಅವಳು ಚಪ್ಪಲಿ ಹುಡುಕುತ್ತ, 'ಎಲ್ಲಾರೂ ಎತ್ತಿದ್ರಲ್ಲವಾ. ಎತ್ತಿದ ಮ್ಯಾಲ ಸ್ವಲ್ಪ ಕಂಡಂಗ ಆತು' ಎಂದಳು. 'ನಿನ್ನ ಮೂಗಿನ ಮ್ಯಾಲಿನ ಮಸಿ ಇನ್ನೂ ಹಂಗ ಐತಿ, ಅದನ್ನ ಒರಸಿದವರು ಯಾರರ ಅದಾರೇನು?' ಎಂದು ಬೈದು ಬಂದೆ. ಬೈದರೆ ಏನು ಬಂತು? ಸಾಲೋಮಿ ಅಷ್ಟರಲ್ಲಿ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಮನೆ ಸೇರಿದ್ದಳು.

ದಿನಾ ಅವಳ ಬಾಗಿಲಿಗೆ ಹೋದೆ. ದಿನಾ ಒಳಗಿನಿಂದ ಉಜ್ಜುವ ಸಪ್ಪಳ. ಬೂದಿ ತರಿಸಿಕೊಂಡಳಂತೆ, ಇಟ್ಟಿಗೆ ಪುಡಿ ಮಾಡಿಸಿದಳಂತೆ, ತೆಂಗಿನ ನಾರಂತೆ. ಓಣಿಯ ಹೆಂಗಸರು ಇದನ್ನು ಪಶ್ಚಾತ್ತಾಪ ಎಂದು ಹೊಗಳಿದರು. ಹಿರಿಯರು ಆ ದಾರಿಯಲ್ಲಿ ಹೋಗುವಾಗ ಕಿಟಕಿಯ ಹತ್ತಿರ ನಿಂತು, 'ಇನ್ನೂ ಜರಾ ಜೋರಾಗಿ' ಎಂದು ಧೈರ್ಯ ಹೇಳಿ ಹೋದರಂತೆ. ಇದನ್ನು ಕೇಳಿದ ದಿನ ನಾನು ಗಿರಣಿಯ ಚಕ್ರದ ಪಟ್ಟಾ ಕಳಚಿಟ್ಟು, ಒದ್ದೆ ಅರಿವೆ ಹಿಡಿದು ಹೊರಟೆ. ಮಾರನೆಯ ದಿನವೇ ಪ್ರಭುಭೋಜನದ ಭಾನುವಾರ. ಬಾಗಿಲು ಬಡಿದೆ, ಬೈದೆ, ಒದ್ದೆ. ಕೊನೆಗೆ ಲೇಯ ಅಗುಳಿ ತೆಗೆದು, ಸೆರಗು ಮುಂದಕ್ಕೆಳೆದು ತಲೆತಗ್ಗಿಸಿ ಒಳಗೆ ಹೋದಳು.

ಸಾಲೋಮಿ ನಾರು ಪಕ್ಕಕ್ಕಿಟ್ಟು ಮುಖ ಎತ್ತಿದಳು. ಎಡಗಣ್ಣಿನ ಕೆಳಗಿನಿಂದ ಗದ್ದದ ತನಕ ಚರ್ಮ ಕಿತ್ತು ಹಸಿಮಾಂಸ ಕಾಣುತ್ತಿತ್ತು. ಹಿರಿಯರು ಹೇಳಿದ ಜಾಗದಲ್ಲಿ, ಹೇಳಿದಷ್ಟೇ ಅಗಲಕ್ಕೆ, ಈಗ ನಿಜವಾಗಿಯೂ ಕಲೆ ಇತ್ತು. 'ಹೋಗೇತೇನ ದೆಬೋರ? ನೋಡಿ ಹೇಳು' ಎಂದಳು.

'ಹೋಗಾಕ ಏನಿತ್ತು? ಮೊದ್ಲಿಂದಾನೂ ಏನೂ ಇದ್ದಿದ್ದಿಲ್ಲ. ನಿನ್ನ ಕೈಯಾರೆ ಕೆತ್ತಿಕೊಂಡಿ ನೀ.'

'ಸುಳ್ಳ ಹೇಳಬ್ಯಾಡ. ಅಷ್ಟ ಮಂದಿ ಕೈ ಎತ್ಯಾರ.'

'ಅವರು ಹೆದರಿ ಎತ್ಯಾರ.'

'ನೀ ನನ್ನ ಮ್ಯಾಲಿನ ಪ್ರೀತಿಗೆ, ಮಾಯಾಕ್ಕ ಹೇಳಾಕತ್ತಿ,' ಎಂದಳು ಸಾಲೋಮಿ, ನಾರನ್ನು ಮತ್ತೆ ಕೈಗೆತ್ತಿಕೊಂಡು. 'ನೀ ಇಲ್ಲ ಅಂದ್ರ ನಾ ಹೆಂಗ ನಂಬಲಿ? ನಾ ಹೊಡದದ್ದು ಸುಳ್ಳೇನ? ಹೊಡದದ್ದು ಖರೆ ಆದ್ರ ಕಲೆನೂ ಖರೆ.'

ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ನಂಬಿದವಳು ಈಗ ನಾನು ಪ್ರೀತಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ನಂಬಲಾರಳು. ಹಿರಿಯರು ಅವಳ ಮುಖವನ್ನಷ್ಟೇ ಅಲ್ಲ, ನನ್ನ ನಾಲಿಗೆಯನ್ನೂ ಕಿತ್ತುಕೊಂಡಿದ್ದರು. ಅವಳ ಕೈಯಿಂದ ನಾರು ಕಸಿಯಲು ಹೋದೆ, ಅವಳು ಬಿಡಲಿಲ್ಲ, ಇಬ್ಬರೂ ನೆಲದ ಮೇಲೆ ಕೂತು ಚಿಕ್ಕ ಹುಡುಗಿಯರಂತೆ ಜಗ್ಗಾಡಿದೆವು. ನಮ್ಮನ್ನು ಬಿಡಿಸಲು ಲೇಯ ಓಡಿಬಂದಳು. ಬಗ್ಗಿದಾಗ ಅವಳ ಸೆರಗು ಜಾರಿತು.

ಎಡಗೆನ್ನೆ ಊದಿ ಹೊಳೆಯುತ್ತಿತ್ತು. ಕಣ್ಣಿನ ಕೆಳಗೆ ಉಂಗುರ ಸೀಳಿದ ಗಾಯ, ಕೀವು ಕಟ್ಟಿ ಹಸಿರಾಗಿತ್ತು. ಆ ಏಟು ಬಿದ್ದಾಗ ನಳದ ಹತ್ತಿರ ಹತ್ತು ಮಂದಿ ಇದ್ದರು. ಚರ್ಚಿನಲ್ಲಿ ಇಡೀ ಸಭೆ ಇತ್ತು. ಎಲ್ಲರೂ ಹೊಡೆದವಳ ಮುಖ ನೋಡಿದರು, ಹೊಡೆಸಿಕೊಂಡವಳ ಮುಖವನ್ನು ಒಬ್ಬರೂ ನೋಡಲಿಲ್ಲ. ಗಂಡ ಊರಲ್ಲಿಲ್ಲ, ಜೋಡಿ ಯಾರೂ ಗೊತ್ತುಮಾಡಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ. ತನ್ನ ಮುಖ ಕೊಳೆಯುತ್ತಿದೆ ಎಂದು ಆ ಹುಡುಗಿಗೆ ಯಾರು ಹೇಳಬೇಕಿತ್ತು? ನಾನು ದಿನಾ ಆ ಬಾಗಿಲಿಗೆ ಬಂದವಳು, ನಾನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

'ಸಾಲೋಮಿ,' ಎಂದೆ, 'ನಿನ್ನ ಮಾರಿ ಬಿಡು. ಈಕಿ ಮಾರಿ ನೋಡು. ನೀ ಮಾಡಿದ್ದು ನಿನ್ನ ಮ್ಯಾಲಿಲ್ಲ, ಇಲ್ಲೈತಿ. ಕೋಟಿನ ದುಃಖ ನನಗ ಗೊತ್ತು. ಆದ್ರೂ ಕೈ ಎತ್ತಿದ್ದು ತಪ್ಪು. ಹೆತ್ತವರನ್ನ ಬಿಟ್ಟು ಬಂದ ಹುಡುಗಿ, ನಿನ್ನ ಖುಷಿಗೆ ಅಂತ ಒಗದದ್ದು. ದೊಡ್ಡ ತಪ್ಪು ಮಾಡಿದಿ ನೀ.'

ಸಾಲೋಮಿ ನೋಡಿದಳು. ಆ ದಿನದಿಂದ ಅವಳು ನಾಚಿಕೆಗೆ ಸೊಸೆಯ ಕಡೆ ಕಣ್ಣೆತ್ತಿರಲಿಲ್ಲವಂತೆ. ಊಟದ ತಾಟು ಇಟ್ಟರೆ ತಾಟು ನೋಡುತ್ತಿದ್ದಳಂತೆ. ನಾರು ಕೈಯಿಂದ ಬಿತ್ತು. 'ಯವ್ವಾ, ಇದು ಯಾವಾಗ ಆತು?' ಎಂದಳು.

'ಅವತ್ತ, ಅತ್ತಿ,' ಎಂದಳು ಲೇಯ.

ನಾನು ಒದ್ದೆ ಅರಿವೆಯನ್ನು ಸಾಲೋಮಿಗೆ ಕೊಡಲು ಹೋದೆ. ಅವಳು ಅದನ್ನು ಸೊಸೆಯ ಕೈಗೆ ಕೊಡಿಸಿದಳು. ಪದ್ಧತಿ ಪದ್ಧತಿಯೇ. ಮಂಡಿಯೂರಿ ಕೂತು ಆ ಹರಿದ ಮುಖವನ್ನು ಹುಡುಗಿಯ ಮುಂದೆ ಎತ್ತಿ ಹಿಡಿದಳು. 'ಮೊದ್ಲ ನಂದು ನೋಡವಾ. ಏನೈತೋ ಇದ್ದದ್ದು ಇದ್ದಂಗ ಹೇಳು. ನನ್ನ ಮ್ಯಾಲ ಮಾಯಾ ಮಾಡಬ್ಯಾಡ.' ಲೇಯ ಈ ಊರಿಗೆ ಬಂದಮೇಲೆ ಯಾರ ಮಾರಿಯನ್ನೂ ಹೇಳಿದವಳಲ್ಲ. ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ, ಬೆಳಕಿಗೆ ತಂದು, ನಿಧಾನಕ್ಕೆ ನೋಡಿದಳು. 'ತರಚೈತಿ ಅತ್ತಿ. ಭಾಳ ತರಚೈತಿ. ಕಲೆ ಅಂತ ಏನಿಲ್ಲ' ಎಂದಳು. ಸಾಲೋಮಿ ಅಳತೊಡಗಿದಳು. ನನ್ನನ್ನು ನಂಬದವಳು ತಾನು ಹೊಡೆದವಳನ್ನು ನಂಬಿದಳು. ಸುಳ್ಳು ಹೇಳಿ ತನ್ನನ್ನು ಸಂತೈಸುವ ಋಣ ಆ ಹುಡುಗಿಗೆ ಇಲ್ಲವಲ್ಲ. ಆಮೇಲೆ ಸಾಲೋಮಿ ಬಿಸಿನೀರು ಕಾಯಿಸಿ ಸೊಸೆಯ ಗಾಯ ತೊಳೆದಳು, ಅರಿಸಿನ ಹಚ್ಚಿದಳು, ಹಚ್ಚುವಾಗ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದಳು. ಹೇಳದೆ ಕೋಟು ಒಗೆದದ್ದು ನನ್ನದೂ ತಪ್ಪು ಎಂದು ಲೇಯ ಅಂದರೆ, 'ಆ ಕೋಟಿನ ಸುದ್ದಿ ತಗೀಬ್ಯಾಡ, ಅತ್ತುಬಿಡ್ತೀನಿ' ಎಂದಳು. ಅದಾಗಲೇ ಅಳುತ್ತಿದ್ದಳು.

ಭಾನುವಾರ ಮೂವರೂ ಚರ್ಚಿಗೆ ಹೋದೆವು. ಮೇಜಿಗೆ ಬರುವ ಹೊತ್ತು ಬಂತು, ಜನ ಸಾಲುಗಟ್ಟಿದರು, ಸಾಲೋಮಿಯೂ ಎದ್ದಳು. ಬಾರ್ನಬ ಹಿರಿಯರು ಮೇಜಿನ ಸುತ್ತಲಿನ ಕಟಕಟೆಯ ಮುಂದೆ ಅಡ್ಡ ನಿಂತರು. 'ನೋಡ್ರಿ, ಎಲ್ಲಾರೂ ನೋಡ್ರಿ. ಮೊನ್ನೆ ಕೆಲವರು ಕಾಣವಲ್ದು ಅಂದ್ರು. ಈಗ ಹೆಂಗ ಕೆಂಪಗ ಎದ್ದೈತಿ! ದೇವರು ಎಲ್ಲಾರಿಗೂ ಕಾಣೂ ಹಂಗ ಮಾಡ್ಯಾನ.'

ನನ್ನ ಬಾಯಲ್ಲಿ ಬಂದ ಮಾತು ಚರ್ಚಿನಲ್ಲಿ ಆಡುವಂಥದ್ದಲ್ಲ. ಒಬ್ಬ ಹೆಂಗಸಿನ ಮುಖವನ್ನು ಬರೀ ಮಾತಿನಿಂದ ಸುಲಿಸಿ, ಆ ಗಾಯವನ್ನೇ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರಲ್ಲ! ನಾನು ಮುನ್ನುಗ್ಗಿದೆ. ಲೇಯ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿ, ತಾನು ಮುಂದೆ ಹೋದಳು. ತಲೆಯ ಮೇಲಿನ ಸೆರಗು ಎರಡೂ ಕೆನ್ನೆಗಳನ್ನು ಮುಚ್ಚಿತ್ತು.

'ಹಿರಿಯರ, ಒಂದು ಮಾತು ಕೇಳಲ್ರೀ?' ಎಂದಳು. ಅವಳ ಧ್ವನಿಯನ್ನು ಸಭೆ ಅಂದೇ ಮೊದಲು ಕೇಳಿದ್ದು. 'ಅತ್ತಿ ನನಗ ಹೊಡದ್ಲು ಅಂತ ನೀವು ಈ ನ್ಯಾಯ ಮಾಡೀರಿ. ನನಗ ಯಾವ ಕಪಾಳಕ್ಕ ಹೊಡದಾಳ್ರಿ?'

'ಅದು ಮುಖ್ಯ ಅಲ್ಲ, ತಂಗಿ.'

'ನನಗ ಮುಖ್ಯ ಐತ್ರಿ. ನನ್ನ ಮಾರಿ ನನಗ ಕಾಣೂದಿಲ್ಲ. ನೀವು ಎಲ್ಲಾರ ಮಾರಿ ಹೇಳ್ತೀರಿ. ನಂದು ಹೇಳ್ರಿ.'

ಹಿರಿಯರು ಸುತ್ತ ನೋಡಿದರು. ಯಾರಾದರೂ ಹೇಳಿಕೊಡುತ್ತಾರೋ ಎಂಬಂತೆ ಮುಂದಿನ ಸಾಲಿನ ಕಡೆ ಕಣ್ಣು ಹೊರಳಿಸಿದರು. ಮುಂದಿನ ಸಾಲಿಗೂ ಗೊತ್ತಿರಲಿಲ್ಲ. 'ಬಲ,' ಎಂದರು ಕೊನೆಗೆ, 'ಬಲಗಡೆ.'

ಲೇಯ ಸೆರಗು ತೆಗೆದಳು. ಊದಿದ ಎಡಗೆನ್ನೆ, ಅರಿಸಿನ ಹಚ್ಚಿದ ಗಾಯ. ಹಿಂದಿನ ಬೆಂಚಿನಲ್ಲಿ ಯಾರೋ ಹೆಂಗಸು 'ಅಯ್ಯೋ ಶಿವನೇ' ಎಂದಳು, ಚರ್ಚು ಎಂಬುದು ನೆನಪಿಗೆ ಬಂದು ಬಾಯಿ ಮುಚ್ಚಿಕೊಂಡಳು. ಸಾಲೋಮಿ ಸೊಸೆಯ ಪಕ್ಕಕ್ಕೆ ಬಂದು ನಿಂತಳು. ಸ್ತುತಿಗೀತೆ ಎತ್ತುವ ಆ ದೊಡ್ಡ ಧ್ವನಿಯಲ್ಲಿ, 'ಎಡಕ್ಕ. ಈ ಕೈಯಿಂದ, ಈ ಉಂಗುರದಿಂದ. ಮಾಡಿದಾಕಿ ನಾ. ಒರಸಿದ್ದೂ ನಾನ, ನಿನ್ನೆ. ಅದಕ್ಕಿಂತ ಮೊದ್ಲ ಒರಸಿದವರು ಈ ಸಭೆಯೊಳಗ ಯಾರರ ಇದ್ರ ಕೈ ಎತ್ರಿ' ಎಂದಳು.

ಒಂದು ಕೈಯೂ ಏಳಲಿಲ್ಲ. ಪಾದ್ರಿಗಳು ರೊಟ್ಟಿಯ ತಟ್ಟೆ ಹಿಡಿದು ಮೇಜಿನ ಹಿಂದೆ ನಿಂತಿದ್ದರು. 'ನಾನೂ ಅವತ್ತ ಕೈ ಎತ್ತಿದ್ದೆ,' ಎಂದರು ಸಣ್ಣಗೆ. 'ನನಗೇನೂ ಕಂಡಿದ್ದಿಲ್ಲ.' ಆಮೇಲೆ ಕಟಕಟೆ ದಾಟಿ ಕೆಳಗಿಳಿದು, ಅಡ್ಡ ನಿಂತಿದ್ದ ಹಿರಿಯರನ್ನು ಬಳಸಿಕೊಂಡು ಬಂದು, ಮೊದಲು ಲೇಯಳಿಗೆ, ಆಮೇಲೆ ಸಾಲೋಮಿಗೆ ರೊಟ್ಟಿ ಕೊಟ್ಟರು. ಬಾರ್ನಬ ಹಿರಿಯರು ಬಾಗಿಲ ಕಡೆ ನಡೆದರು. ಅವರಿಗೆ ದಾರಿ ಬಿಡಲು ಜನ ಅವಸರದಿಂದ ಸರಿದರು. ನಿನ್ನೆಯ ತನಕ ಅವರ ಪಕ್ಕದಲ್ಲಿ ಕೂರಲು ನೂಕಾಡಿದವರೇ ಎಲ್ಲರಿಗಿಂತ ದೂರ ಸರಿದರು.

ಆಮೇಲಿನ ವಾರ ಊರಲ್ಲೆಲ್ಲ ಅದೇ ಮಾತು. ಅವರನ್ನು ಹಿರಿಯತನದಿಂದ ಇಳಿಸಬೇಕು ಎಂದರು ಕೆಲವರು. ಸಭೆಯ ಮುಂದೆ ನಿಲ್ಲಿಸಿ ಅವರ ಮಾರಿಯನ್ನು ಎಲ್ಲರೂ ಒಟ್ಟಿಗೆ ಹೇಳಬೇಕು ಎಂದರು ಇನ್ನು ಕೆಲವರು. ಈ ಎರಡನೆಯವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನು. ಸಾಲೋಮಿ ಗಿರಣಿಗೆ ಬಂದು ನನ್ನ ಕಣ್ಣಿನ ರೆಪ್ಪೆಯ ಹಿಟ್ಟು ಒರೆಸುತ್ತ, 'ನೀನೂ ಈಗ ಆತನ ಮಾರಿ ಮ್ಯಾಲ ಕಲೆ ಹುಡುಕಾಕ ಕುಂತಿ' ಎಂದಳು.

'ಹುಡುಕಾಕ ಏನೈತಿ, ಎದ್ದ ಕಾಣ್ತೈತಿ!' ಎಂದು ಕೂಗಿದೆ. ನೀರು ಬಾಯಿಗೆ ಹೋಯಿತು.

'ಹಂಗಾರ ಹೋಗಿ ಒರಸು. ಆತಗ ಜೋಡಿ ಇಲ್ಲ.'

'ನಾನಾ? ನಿನ್ನ ಮಾರಿ ಸುಲಿಸಿದವನಿಗೆ?'

'ನಾ ಹೋಗಾಕ ಬರೂದಿಲ್ಲ. ನನ್ನ ಮಾರಿ ಕಂಡ್ರ ಆತ ತನ್ನ ಮಾರಿ ಎತ್ತೂದಿಲ್ಲ. ನೀ ಹೋಗು. ಸಿಟ್ಟಿದ್ರ ಸಿಟ್ಟಿಲೇ ಹೋಗು, ಅರಿವಿ ಮಾತ್ರ ಮರೀಬ್ಯಾಡ.'

ನಾಲ್ಕು ದಿನ ನಾನು ಅವಳೊಡನೆ ಮಾತು ಬಿಟ್ಟೆ. ಐದನೆಯ ದಿನ ಬೆಳಿಗ್ಗೆ, ಯಾಕೆ ಎಂದು ಕೇಳಬೇಡಿ, ಒಂದು ತಂಬಿಗೆ ನೀರು, ಒಂದು ಅರಿವೆ ಹಿಡಿದು ಹಿರಿಯರ ಮನೆಯ ಮುಂದೆ ನಿಂತಿದ್ದೆ. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದದ್ದನ್ನೆಲ್ಲ ಹಲ್ಲು ಕಡಿಯುತ್ತ ಹೊಂದಿಸಿಕೊಂಡಿದ್ದೆ, ಒಂದು ಮಾತನ್ನೂ ಬಿಡುವವಳಲ್ಲ.

ಅವರು ಬಾಗಿಲು ತೆರೆದರು. ಅವರನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಬಹುಶಃ ಹನೋಕಣ್ಣ ಸತ್ತ ಮೇಲೆ ಯಾರೂ ನೋಡಿರಲಿಲ್ಲ. ಕಣ್ಣಿನ ಮೂಲೆಯಲ್ಲಿ ಒಣಗಿದ ಪಿಸುರು. ಗದ್ದದ ಕೆಳಗೆ ಬ್ಲೇಡು ಮುಟ್ಟದೆ ಬಿಟ್ಟ ಉದ್ದನೆಯ ಬಿಳಿ ಕೂದಲು, ಪಕ್ಕದಲ್ಲೇ ಕೊಯ್ದ ಗಾಯಗಳು. ಮೂಗಿನ ಪಕ್ಕಕ್ಕೆ ಎಂದಿನದೋ ಸಾರು. ಈ ಮುಖ ಹೊತ್ತುಕೊಂಡು ಅವರು ಪ್ರತಿ ಭಾನುವಾರ ಎತ್ತರದಲ್ಲಿ ನಿಂತಿದ್ದರು. ಕೆಳಗೆ ಕೂತ ನಾವೆಲ್ಲ ಅದನ್ನು ನೋಡುತ್ತಲೇ ಇದ್ದೆವು, ಒಬ್ಬರೂ ಹೇಳಿರಲಿಲ್ಲ.

'ಬೈಯಾಕ ಬಂದೀರೇನು?' ಎಂದರು.

ಬೈಯಲೆಂದೇ ಬಂದಿದ್ದೆ. ಆದರೆ ಮೊದಲು ಹೇಳುವ ಸರದಿ ನನ್ನದಲ್ಲ. ಅರಿವೆಯನ್ನು ನೀರಲ್ಲದ್ದಿ, ಹಿಂಡಿ, ಅವರ ಕೈಗೆ ಕೊಟ್ಟೆ. ಮುಖ ಎತ್ತಿ ಅವರ ಮುಂದೆ ಹಿಡಿದೆ. 'ಏನೈತಿ ಹೇಳ್ರಿ' ಎಂದೆ.

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಓಡಿಹೋಗುತ್ತಾರೆ ಎಂದುಕೊಂಡೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ನನ್ನ ಕಣ್ಣಿಗೆ ಕಣ್ಣು ಕೊಟ್ಟು ಬಹಳ ಹೊತ್ತು ನೋಡಿದರು. 'ಸಿಟ್ಟೈತಿ,' ಎಂದರು. 'ಭಾಳ ಐತಿ.'

'ಖರೆ ಹೇಳಿದ್ರಿ,' ಎಂದೆ. 'ಹೇಳಿದವರು ಒರಸಬೇಕು.'

ಅವರಿಗೆ ಒರೆಸುವುದು ಮರೆತೇ ಹೋಗಿತ್ತು. ಅರಿವೆಯನ್ನು ಹಣೆಗೆ ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ನೀರು ನನ್ನ ಕುತ್ತಿಗೆಯೊಳಗೆ ಇಳಿಯಿತು. ಸಿಟ್ಟು ಇಳಿಯಲಿಲ್ಲ, ಇಳಿಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಅವರು ನಿಲ್ಲಿಸಿದಾಗ ಅರಿವೆಯನ್ನು ಇಸಿದುಕೊಂಡು, ತಂಬಿಗೆಯಲ್ಲಿ ಜಾಲಿಸಿ, ಗಟ್ಟಿಯಾಗಿ ಹಿಂಡಿದೆ.

'ಇನ್ನ ನಿಮ್ಮದು ತೋರಸ್ರಿ' ಎಂದೆ.

ಬಾರ್ನಬ ಹಿರಿಯರು ಕನ್ನಡಕ ತೆಗೆದರು.